ಹೊಸ ಖಂಡ ಎಲ್ಲಿಗೂ ಓಡಿಹೋಗಲ್ಲ

ಏನೋ, ರಾತ್ರಿಯಿಡೀ ಡೌನ್‌ಲೋಡ್‌ಗೆ ಹಾಕಿದ್ದೀಯಂತೆ? ನಿಮ್ಮಮ್ಮ ಬೆಳಿಗ್ಗೆ ದಾಸವಾಳ ಕೀಳ್ತಾ ಹೇಳಿದ್ರು. ‘ಅದೇನೋ ಫೈನಲ್ ಫ್ಯಾಂಟಸಿ ಹದಿನಾಲ್ಕಂತೆ, ನೀವೂ ಆಡ್ತೀರಂತಲ್ಲ, ಎಷ್ಟು ದುಡ್ಡು ನುಂಗತ್ತೆ ಸ್ವಲ್ಪ ಹೇಳಿ’ ಅಂದ್ರು. ಸದ್ಯಕ್ಕೆ ಒಂದು ರೂಪಾಯಿಯೂ ಬೇಡ ಅಂತ ಹೇಳಿದ್ದೀನಿ, ಆ ಮಾತನ್ನ ನೀನು ಸುಳ್ಳು ಮಾಡಬೇಡ. ದುಡ್ಡಿನ ವಿಷಯ ಆಮೇಲೆ ಬಿಡಿಸಿ ಹೇಳ್ತೀನಿ. ಮೊದಲು ಈ ಕಡೆ ಬಾ, ಕಾಂಪೌಂಡ್ ಹತ್ರ ನಿಂತ್ಕೊ, ಅಷ್ಟು ದೂರದಿಂದ ಕೂಗಾಡಕ್ಕಾಗಲ್ಲ.

ಅದರ ಡಾನ್‌ಟ್ರೇಲ್ ಎಕ್ಸ್‌ಪ್ಯಾನ್ಶನ್ ಆಡಬೇಕು ಅಂತ ತಾನೆ ಆಸೆ? ಗಾಳಿಯಲ್ಲಿ ಕುಂಚ ಆಡಿಸಿ, ಬರೆದ ಚಿತ್ರಕ್ಕೇ ಜೀವ ಕೊಟ್ಟು ಶತ್ರುವಿನ ಮೇಲೆ ಬಿಡೋ ಪಿಕ್ಟೋಮ್ಯಾನ್ಸರ್ ಆಗಬೇಕು, ಸಮುದ್ರ ದಾಟಿ ಟುರಾಲ್ ಖಂಡಕ್ಕೆ ಹೋಗಬೇಕು. ಆಸೆ ಏನೂ ತಪ್ಪಿಲ್ಲ. ಆದ್ರೆ ದುಡ್ಡು ಕೊಟ್ಟ ದಿನವೇ ಅಲ್ಲಿಗೆ ಹೋಗಕ್ಕಾಗಲ್ಲ ಕಣೋ. 2013ರಲ್ಲಿ ಎ ರೆಲ್ಮ್ ರಿಬಾರ್ನ್, 2015ರಲ್ಲಿ ಹೆವನ್ಸ್‌ವರ್ಡ್, 2017ರಲ್ಲಿ ಸ್ಟಾರ್ಮ್‌ಬ್ಲಡ್, 2019ರಲ್ಲಿ ಶ್ಯಾಡೋಬ್ರಿಂಗರ್ಸ್, 2021ರಲ್ಲಿ ಎಂಡ್‌ವಾಕರ್, 2024ರ ಜುಲೈನಲ್ಲಿ ನಿನ್ನ ಡಾನ್‌ಟ್ರೇಲ್. ಒಂದರ ಕಥೆ ಮುಗಿಯೋವರೆಗೂ ಇನ್ನೊಂದರ ಬಾಗಿಲು ತೆರೆಯಲ್ಲ. ಲೆವೆಲ್ ಮಿತಿ 50ರಿಂದ ಹೊರಟು ಪ್ರತಿ ಎಕ್ಸ್‌ಪ್ಯಾನ್ಶನ್‌ಗೂ ಹತ್ತತ್ತು ಏರಿ 100ಕ್ಕೆ ಬಂದು ನಿಂತಿದೆ. ಪಿಕ್ಟೋಮ್ಯಾನ್ಸರ್ ಶುರುವಾಗೋದೇ 80ನೇ ಲೆವೆಲ್‌ನಲ್ಲಿ. ಬೇರೆ ಯಾವುದಾದ್ರೂ ಒಂದು ಜಾಬ್‌ನಲ್ಲಿ ನೀನು 80 ಮುಟ್ಟಿದ ಮೇಲೇ ಆ ಕುಂಚ ಕೈಗೆ ಬರೋದು. ಅಲ್ಲಿಗೆ ನೂರಾರು ಗಂಟೆ ಆಟ ಆಗಿರತ್ತೆ.

ಮುಖ ಸಣ್ಣ ಮಾಡ್ಕೋಬೇಡ, ಪೂರ್ತಿ ಕೇಳು.

ನಿನ್ನ ಗೆಳೆಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡೋನು, ಬೇಗನೇ ಹೊಸ ನಾಡಿಗೆ ಹೋಗಬಹುದು ಅಂತ ಅವನು ಹೇಳಿದ್ದು ಅವನ ಆಟದ ಮಟ್ಟಿಗೆ ನಿಜ. ಅಲ್ಲಿ ಹೊಸಬರನ್ನ ಎಕ್ಸೈಲ್ಸ್ ರೀಚ್ ಅನ್ನೋ ಪುಟ್ಟ ದ್ವೀಪದಲ್ಲಿ ಹತ್ತು ಲೆವೆಲ್‌ವರೆಗೆ ಪಳಗಿಸಿ, ಹಳೇದರಲ್ಲಿ ಬಹಳಷ್ಟನ್ನ ಬದಿಗಿಟ್ಟು ಹೊಸ ನಾಡಿನ ಹತ್ರಕ್ಕೆ ಬೇಗ ತಂದು ಬಿಡ್ತಾರೆ. ಹಳೇ ನಾಡುಗಳು ಬೇಕಾದವರಿಗೆ ಇರತ್ತೆ, ಬೇಡದವರಿಗೆ ಇಲ್ಲ. ಅದಕ್ಕೂ ಒಂದು ನ್ಯಾಯ ಇದೆ. ಇಲ್ಲಿ ಹಾಗಲ್ಲ, ಕಥೆಯೇ ಆಟದ ಬೆನ್ನುಮೂಳೆ. ನೇರ ಡಾನ್‌ಟ್ರೇಲ್‌ಗೆ ಹಾರೋದು ಅಂದ್ರೆ ಮಹಾಭಾರತವನ್ನ ಮಹಾಪ್ರಸ್ಥಾನಿಕ ಪರ್ವದಿಂದ ಓದಕ್ಕೆ ಕೂತ ಹಾಗೆ. ನಾಯಿ ಯಾಕೆ ಹಿಂದೆ ಬರ್ತಿದೆ ಅಂತ ಗೊತ್ತಾಗಬಹುದು, ಪಾಂಡವರು, ದ್ರೌಪದಿ ಯಾಕೆ ಹೊರಟಿದ್ದಾರೆ ಅನ್ನೋದು ಮನಸ್ಸಿಗೆ ತಟ್ಟಲ್ಲ.

‘ದುಡ್ಡು ಕೊಟ್ರೆ ಕಥೆ ಹಾರಿಸಬಹುದಂತಲ್ಲ ಅಕ್ಕ’ ಅಂತೀಯ. ಹೌದು, ಕಥೆ ಹಾರಿಸೋದಕ್ಕೊಂದು, ಲೆವೆಲ್ ಏರಿಸೋದಕ್ಕೊಂದು, ಎರಡನ್ನೂ ಅಂಗಡಿಯಲ್ಲಿ ಮಾರ್ತಾರೆ. ಎರಡನ್ನೂ ಮುಟ್ಟಬೇಡ. ಏರಿಸಿಕೊಂಡು ಬಂದವನ ಪರದೆ ಮೇಲೆ ಮೊದಲ ದಿನವೇ ಇಪ್ಪತ್ತು ಮೂವತ್ತು ಬಟನ್ ಬಂದು ಕೂತಿರತ್ತೆ. ಯಾವುದನ್ನ ಯಾವಾಗ ಒತ್ತಬೇಕು ಅಂತ ಕೈಗೆ ಅಭ್ಯಾಸ ಆಗಿರಲ್ಲ. ಮೆಟ್ಟಿಲು ಹತ್ತಿ ಬಂದವನಿಗೆ ಕೆಲವು ಲೆವೆಲ್‌ಗೊಂದರಂತೆ ಬಟನ್ ಸಿಗತ್ತೆ, ಒಂದು ಪಳಗೋ ಹೊತ್ತಿಗೆ ಇನ್ನೊಂದು. ಅದಕ್ಕಿಂತ ಒಳ್ಳೆ ಪಾಠ ಯಾರೂ ಹೇಳಿಕೊಡಲ್ಲ.

ಶುರುವಿನ ಭಾಗ ನಿಧಾನ. ಅದನ್ನ ನಿನ್ನಿಂದ ಮುಚ್ಚಿಡಲ್ಲ. ಆ ನಿಧಾನಕ್ಕೆ ಒಂದು ಹಿನ್ನೆಲೆ ಇದೆ. 2010ರ ಸೆಪ್ಟೆಂಬರ್ 30ಕ್ಕೆ ಈ ಆಟ ಮೊದಲ ಸಲ ಬಂದಾಗ ನೆಲಕಚ್ಚಿತು. ಓಡಾಟ ಭಾರ, ಮೆನು ಜಟಿಲ, ಮಾಡಕ್ಕೆ ಕೆಲಸ ಇಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ನವೋಕಿ ಯೋಶಿದ ಅನ್ನೋರ ಕೈಗೆ ಕೊಟ್ರು. ಅವರು ಒಂದು ಕಡೆ ಹಳೇ ಆಟವನ್ನ ರಿಪೇರಿ ಮಾಡ್ತಾ, ಇನ್ನೊಂದು ಕಡೆ ಪೂರ್ತಿ ಹೊಸದನ್ನ ಕಟ್ಟಿಸಿದ್ರು. 2012ರ ನವೆಂಬರ್ 11ಕ್ಕೆ ಹಳೇ ಸರ್ವರ್ ಬಂದ್ ಮಾಡಬೇಕಿತ್ತು. ಸುಮ್ಮನೆ ಬಂದ್ ಮಾಡಲಿಲ್ಲ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಆಟದ ಆಕಾಶದಲ್ಲಿ ಡಾಲಮಡ್ ಅನ್ನೋ ಕೆಂಪು ಚಂದ್ರ ದಿನದಿನಕ್ಕೂ ಹತ್ತಿರ ಬರ್ತಾ ಇತ್ತು. ಕೊನೇ ದಿನ ಅದು ಒಡೆದು, ಒಳಗಿಂದ ಬಹಾಮುತ್ ಅನ್ನೋ ಮಹಾ ಡ್ರ್ಯಾಗನ್ ಹೊರಬಂದು ಇಡೀ ಎಯೋರ್ಜಿಯಾ ನಾಡನ್ನ ಸುಟ್ಟಿತು. ಆಟ ಸೋತಿದ್ದನ್ನೇ ಆಟದೊಳಗಿನ ಇತಿಹಾಸ ಮಾಡಿಬಿಟ್ರು. 2013ರ ಆಗಸ್ಟ್ 27ಕ್ಕೆ ಎ ರೆಲ್ಮ್ ರಿಬಾರ್ನ್ ಬಂದಾಗ ಆ ಸುಟ್ಟ ನಾಡಿನಲ್ಲಿ ಐದು ವರ್ಷ ಕಳೆದಿತ್ತು. ನೀನು ಈಗ ಕಾಲಿಡೋದು ಅಲ್ಲಿಗೇ. ದಾರಿಯಲ್ಲಿ ಸ್ಫಟಿಕದ ದೊಡ್ಡ ದೊಡ್ಡ ಮುಳ್ಳುಗಳು ನೆಲದಿಂದ ಎದ್ದು ನಿಂತಿರೋದು ಕಾಣತ್ತಲ್ಲ, ಅವು ಆ ದಿನದ ಗಾಯಗಳು. ಹಾಗೆ ಗೊತ್ತಿದ್ದು ನೋಡಿದ್ರೆ ಬೇರೆ ಥರ ಕಾಣತ್ತೆ.

ಅಷ್ಟು ಕಡಿಮೆ ಸಮಯದಲ್ಲಿ ಕಟ್ಟಿದ್ದರಿಂದ ಕೆಲವು ಕಡೆ ಎಳೆದಾಟ ಉಳಿದಿದೆ. ಟೈಟನ್ ಅನ್ನೋ ದೈತ್ಯನ ಜೊತೆ ಕಾಳಗಕ್ಕೆ ಹೋಗೋಕೆ ಮುಂಚೆ ಹಳೇ ಯೋಧರ ಔತಣಕ್ಕೆ ವೈನ್ ತಾ, ಚೀಸ್ ತಾ ಅಂತ ಊರೂರು ಅಲೆಸ್ತಾರೆ. ಜಗತ್ತು ಮುಳುಗ್ತಿದೆ, ಇವರು ಊಟದ ಪಟ್ಟಿ ಹಿಡ್ಕೊಂಡಿದ್ದಾರೆ ಅಂತ ನಿನಗೆ ಸಿಟ್ಟು ಬರತ್ತೆ, ಬರಬೇಕಾದ್ದೇ. 2020ರ ಆಗಸ್ಟ್‌ನಲ್ಲಿ ಇಂಥ ಎಷ್ಟೋ ಕ್ವೆಸ್ಟ್ ಕತ್ತರಿಸಿ ಹಾಕಿದ್ರು, ಹಳೇ ನಾಡಲ್ಲಿ ಹಾರಾಡೋ ಸವಾರಿಗೂ ಅವಕಾಶ ಕೊಟ್ರು. ಆದ್ರೂ 50ನೇ ಲೆವೆಲ್ ಮುಟ್ಟಿದ ಮೇಲೆ, ಹೆವನ್ಸ್‌ವರ್ಡ್‌ಗೆ ಮುಂಚೆ, ಒಂದು ದೊಡ್ಡ ಬಯಲು ದಾಟಬೇಕು. ಎಷ್ಟೋ ಜನ ಅಲ್ಲೇ ಬಿಟ್ಟುಹೋಗ್ತಾರೆ. ನೀನು ಬಿಡಬೇಡ. ದಿನಕ್ಕೆ ನಾಲ್ಕೈದು ಕ್ವೆಸ್ಟ್ ಮಾಡಿ ಮಲಗು. ಆ ಬಯಲಿನ ಕೊನೆಯಲ್ಲಿ ನಡೆಯೋದನ್ನ ನಾನು ಹೇಳಲ್ಲ, ಹಿಮದಲ್ಲಿ ಇಶ್‌ಗಾರ್ಡ್ ನಗರದ ಉದ್ದ ಸೇತುವೆ ಮೇಲೆ ನೀನು ನಡೆಯೋ ಹೊತ್ತಿಗೆ ನಿನಗೇ ಗೊತ್ತಾಗತ್ತೆ. ಅಲ್ಲಿಂದ ಮುಂದೆ ಬರವಣಿಗೆ ಬೇರೇನೇ ಮಟ್ಟಕ್ಕೆ ಹೋಗತ್ತೆ.

ನಿನ್ನ ದೊಡ್ಡ ಹೆದರಿಕೆ ನನಗೆ ಗೊತ್ತು. ‘ಎಲ್ಲರೂ 100ನೇ ಲೆವೆಲ್‌ನಲ್ಲಿದ್ದಾರೆ, ನಾನೊಬ್ಬನೇ ಖಾಲಿ ಊರಲ್ಲಿ ತಿರುಗಬೇಕಾ?’ ಇಲ್ಲ. ಇದನ್ನೇ ನಿನಗೆ ಒತ್ತಿ ಹೇಳಬೇಕು ಅಂತ ಕರೆದಿದ್ದು. ಹಳಬರು ನಿನ್ನ ಹತ್ರ ಬರಲೇಬೇಕು ಅನ್ನೋ ಹಾಗೆ ಈ ಆಟವನ್ನ ಕಟ್ಟಿದ್ದಾರೆ.

ಹದಿನೈದನೇ ಲೆವೆಲ್‌ಗೆ ಮೊದಲ ಡಂಜನ್ ಬರತ್ತೆ, ಸಸ್ತಾಶಾ ಅಂತ, ಕಡಲುಗಳ್ಳರ ಗುಹೆ. ನಾಲ್ಕು ಜನ ಬೇಕು: ಮುಂದೆ ನಿಂತು ಏಟು ತಿನ್ನೋ ಟ್ಯಾಂಕ್ ಒಬ್ಬ, ಗಾಯ ಮಾಯಿಸೋ ಹೀಲರ್ ಒಬ್ಬ, ಹೊಡೆಯೋ ಡಿಪಿಎಸ್ ಇಬ್ಬರು. ಡ್ಯೂಟಿ ಫೈಂಡರ್‌ನಲ್ಲಿ ಹೆಸರು ಕೊಡ್ತೀಯ. ಆ ಕಡೆ 100ನೇ ಲೆವೆಲ್‌ನವಳು ಒಬ್ಬಳು ‘ರೂಲೆಟ್’ ಒತ್ತಿರ್ತಾಳೆ. ದಿನಕ್ಕೊಂದು ಸಲ ಲಾಟರಿ ಎತ್ತಿದ ಹಾಗೆ ಯಾವುದೋ ಹಳೇ ಡಂಜನ್‌ಗೆ ಹೋದ್ರೆ ಅವಳ ಇನ್ನೊಂದು ಜಾಬ್‌ಗೆ ರಾಶಿ ಅನುಭವ ಅಂಕ ಸಿಗತ್ತೆ, ಅದಕ್ಕೆ. ಅವಳು ಸಸ್ತಾಶಾಗೆ ಬಂದ ತಕ್ಷಣ ಲೆವೆಲ್ ಸಿಂಕ್ ಆಗಿ ನಿನ್ನ ಮಟ್ಟಕ್ಕೇ ಇಳೀತಾಳೆ, ಅವಳ ದೊಡ್ಡ ಮಂತ್ರಗಳೆಲ್ಲ ಕಪ್ಪಿಟ್ಟು ಹೋಗತ್ತೆ. ಒಳಗೆ ಕಾಲಿಟ್ಟ ಕೂಡಲೇ ಚಾಟ್‌ನಲ್ಲಿ ಒಂದು ಸಾಲು ಬರತ್ತೆ, ಈ ಗುಂಪಲ್ಲಿ ಒಬ್ಬರು ಇಲ್ಲಿಗೆ ಹೊಸಬರು, ಮುಗಿಸಿದ್ರೆ ಎಲ್ಲರಿಗೂ ಬೋನಸ್ ಅಂತ. ನೋಡು ಆ ಉಪಾಯ! ನೀನು ಇರೋದರಿಂದಲೇ ಬೇರೆಯವರಿಗೆ ಲಾಭ. ನಿನ್ನ ಹೆಸರಿನ ಪಕ್ಕ ಪುಟ್ಟ ಹಸಿರು ಮೊಳಕೆಯ ಗುರುತು ಇರತ್ತೆ. ಅದನ್ನ ಕಂಡ್ರೆ ಜನ ಸಾಮಾನ್ಯವಾಗಿ ನಿಧಾನ ಮಾಡ್ತಾರೆ, ನಿನ್ನ ಕಟ್‌ಸೀನ್ ಮುಗಿಯೋವರೆಗೂ ಬಾಸ್‌ನ ಮುಟ್ಟದೆ ನಿಂತಿರ್ತಾರೆ.

ಆ ಗುಹೆಯೊಳಗೆ ಬಣ್ಣಬಣ್ಣದ ಹವಳದ ಗಿಡಗಳಿವೆ. ರಕ್ತ ಅಂಟಿದ ಒಂದು ಚೀಟಿ ಸಿಗತ್ತೆ, ಅದರಲ್ಲಿ ಯಾವ ಬಣ್ಣದ ಹವಳ ಅಂತ ಬರೆದಿರತ್ತೆ. ಪ್ರತಿ ಸಲ ಒಂದೇ ಬಣ್ಣ ಇರಲ್ಲ. ಸರಿಯಾದ್ದನ್ನ ಮುಟ್ಟಿದ್ರೆ ಮುಂದೆ ಹೋಗಬಹುದು, ತಪ್ಪಿದ್ದನ್ನ ಮುಟ್ಟಿದ್ರೆ ಮೈಮೇಲೆ ಶತ್ರುಗಳು. ಹಳಬರಿಗೆ ಇದೆಲ್ಲ ಅಂಗೈ ಗೆರೆ. ಆದ್ರೂ ನೀನು ಚೀಟಿ ಓದ್ತಿದ್ದೀಯ ಅಂತ ಕಂಡ್ರೆ ಒಳ್ಳೆಯವರು ಕಾಯ್ತಾರೆ. ಕೊನೇ ಬಾಸ್ ಡೆನ್. ಅವನ ಸುತ್ತ ನೆಲದ ಕಂಡಿಗಳಲ್ಲಿ ನೀರು ಗುಳುಗುಳು ಅನ್ನತ್ತೆ. ಅದು ಅಲಂಕಾರ ಅಂತ ಹೊಸಬರು ತಿಳ್ಕೊಳ್ತಾರೆ. ಆ ಗುಳ್ಳೆಗಳ ಮೇಲೆ ಹೋಗಿ ಕ್ಲಿಕ್ ಮಾಡಿದ್ರೆ ಕೆಳಗಿಂದ ಬರೋ ಅವನ ಸೈನ್ಯ ನಿಂತುಹೋಗತ್ತೆ. ಅಷ್ಟು ಮಾಡು ಸಾಕು, ಗುಂಪಿನವರಿಗೆ ನಿನ್ನ ಮೇಲೆ ಗೌರವ ಬರತ್ತೆ. ಮುಗಿದ ಮೇಲೆ ಒಬ್ಬರಿಗೆ ಮೆಚ್ಚುಗೆ ಕೊಡಬಹುದು, ಕೊಡೋದನ್ನ ಮರೀಬೇಡ.

ಒಂದು ಎಚ್ಚರ. ಗುಂಪಲ್ಲಿ ಹೋದಾಗ ಪಾಜ್ ಒತ್ತಕ್ಕಾಗಲ್ಲ. ಊಟಕ್ಕೆ ಕರೀತಾರೆ ಅಂತ ನಡುವೆ ಎದ್ದುಹೋದ್ರೆ ಉಳಿದ ಮೂವರ ಸಮಯ ಹಾಳು, ನಿನಗೂ ಅರ್ಧ ಗಂಟೆ ಇನ್ನೊಂದು ಗುಂಪಿಗೆ ಸೇರೋ ಹಾಗಿಲ್ಲ. ಮನೇಲಿ ಕೆಲಸ ಇರೋ ದಿನ ಡ್ಯೂಟಿ ಸಪೋರ್ಟ್ ತಗೊ. ಕಥೆಯ ದಾರಿಯಲ್ಲಿ ಬರೋ ಡಂಜನ್‌ಗಳಿಗೆ ಕಂಪ್ಯೂಟರೇ ಆಡಿಸೋ ಸಂಗಾತಿಗಳು ಸಿಗ್ತಾರೆ. ಅವರು ಬಯ್ಯಲ್ಲ, ಅವಸರ ಮಾಡಲ್ಲ. ಅದಕ್ಕೂ ಮುಂಚೆ ಹಾಲ್ ಆಫ್ ದಿ ನೋವಿಸ್ ಅನ್ನೋ ಪಾಠಶಾಲೆ ಇದೆ, ಮುಗಿಸಿದ್ರೆ ಒಳ್ಳೆ ಬಟ್ಟೆ ಮತ್ತು ಅನುಭವ ಅಂಕ ಹೆಚ್ಚಿಸೋ ಉಂಗುರ ಕೊಡ್ತಾರೆ.

ಈಗ ನಮ್ಮ ಕಡೆಯವರಿಗೆ ಇರೋ ತೊಡಕು. ಜಪಾನ್, ಅಮೆರಿಕ, ಯುರೋಪ್, 2022ರಿಂದ ಆಸ್ಟ್ರೇಲಿಯಾ ಕಡೆ ಓಷಿಯಾನಿಯಾ, ಇಷ್ಟೇ ಡೇಟಾ ಸೆಂಟರ್. ಭಾರತದಲ್ಲಿಲ್ಲ. ಎಲ್ಲಿ ಸೇರಿದ್ರೂ ಪಿಂಗ್ ಜಾಸ್ತಿಯೇ. ಆದ್ರೆ ಇದು ಗುಂಡು ಹಾರಿಸೋ ಆಟದ ಥರ ಕ್ಷಣಾರ್ಧಕ್ಕೆ ಸಾಯಿಸಲ್ಲ. ಶತ್ರು ಹೊಡೆಯೋ ಜಾಗ ನೆಲದ ಮೇಲೆ ಕಿತ್ತಳೆ ಬಣ್ಣದಲ್ಲಿ ಮೊದಲೇ ಕಾಣತ್ತೆ. ಅವನ ಮಂತ್ರದ ಪಟ್ಟಿ ತುಂಬಿದ ಗಳಿಗೆಯಲ್ಲಿ ನೀನು ಎಲ್ಲಿದ್ದೆ ಅನ್ನೋದನ್ನ ಸರ್ವರ್ ಲೆಕ್ಕಕ್ಕೆ ತಗೊಳತ್ತೆ, ಬೆಂಕಿ ಸ್ಫೋಟ ಕಣ್ಣಿಗೆ ಕಾಣೋದು ಅದಾದ ಮೇಲೆ. ಅದಕ್ಕೇ ಬೆಂಕಿ ಬರೋಕೆ ಮುಂಚೆ ಹೊರಗೆ ಬಂದೆ, ಆದ್ರೂ ಏಟು ಬಿತ್ತು ಅಂತ ಹೊಸಬರು ಗೊಣಗ್ತಾರೆ. ಬೆಂಕಿ ನೋಡಬೇಡ, ಪಟ್ಟಿ ನೋಡು. ಪಟ್ಟಿ ತುಂಬೋಕೆ ಸ್ವಲ್ಪ ಮುಂಚೆಯೇ ಆಚೆ ಇರು. ಬೆಂಗಳೂರಿನಿಂದ ಆಡೋರಿಗೆ ಇದೊಂದು ಅಭ್ಯಾಸ ಆದ್ರೆ ಮುಕ್ಕಾಲು ಪಾಲು ತೊಂದರೆ ತಪ್ಪತ್ತೆ.

ಪಿಂಗ್‌ಗಿಂತ ಮುಖ್ಯ ಗಡಿಯಾರ. ನಾವು ಊಟ ಮುಗಿಸಿ ರಾತ್ರಿ 9ಕ್ಕೆ ಕೂತರೆ ಜಪಾನ್‌ನಲ್ಲಿ ಹನ್ನೆರಡೂವರೆ, ಅವರು ಮಲಗೋ ಹೊತ್ತು. ಯುರೋಪಿನಲ್ಲಿ ಆಗ ಸಂಜೆ, ಜನ ಕೆಲಸ ಮುಗಿಸಿ ಬಂದು ಸೇರ್ಕೊಳ್ಳೋ ಹೊತ್ತು. ಅದಕ್ಕೇ ನಾನು ಯುರೋಪ್ ಆರಿಸ್ಕೊಂಡೆ. ದಿನದ ಲೆಕ್ಕ ಹೊಸದಾಗೋದು ನಮ್ಮ ರಾತ್ರಿ 8:30ಕ್ಕೆ, ವಾರದ ಲೆಕ್ಕ ಮಂಗಳವಾರ ಮಧ್ಯಾಹ್ನ 1:30ಕ್ಕೆ. ನಮಗೆ ಇದು ಅನುಕೂಲ. ಚಾಟ್‌ನಲ್ಲಿ ಬೇರೆ ಭಾಷೆಯವರು ಸಿಕ್ಕರೂ ಹೆದರಬೇಡ. ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದ್ರೆ ಸಿದ್ಧ ಮಾತುಗಳ ಪಟ್ಟಿ ಬರತ್ತೆ. ನೀನು ಇಂಗ್ಲಿಷಿನಲ್ಲಿ ಆರಿಸಿದ್ದು ಜರ್ಮನಿಯವನಿಗೆ ಜರ್ಮನ್‌ನಲ್ಲೇ ಕಾಣತ್ತೆ.

ಹೊಸ ಎಕ್ಸ್‌ಪ್ಯಾನ್ಶನ್ ಬಿಡುಗಡೆಯಾಗೋ ವಾರ ಹೇಗಿರತ್ತೆ ಅಂತ ಕೇಳಿದೆಯಲ್ಲ. ಡಾನ್‌ಟ್ರೇಲ್‌ದು ಆಗಿಹೋಯ್ತು, ಮುಂದಿನದಕ್ಕೆ ತಿಳ್ಕೊಂಡಿರು. 2021ರ ಡಿಸೆಂಬರ್‌ನಲ್ಲಿ ಎಂಡ್‌ವಾಕರ್ ಬಂದಾಗ ಒಳಗೆ ಹೋಗಕ್ಕೆ ಸಾವಿರಾರು ಜನರ ಸಾಲು. ಗಂಟೆಗಟ್ಟಲೆ ಕಾದು, ನಡುವೆ 2002 ಅನ್ನೋ ಎರರ್ ಬಂದು ಹೊರಗೆ ಬೀಳೋದು. ಸರ್ವರ್ ಹೆಚ್ಚಿಸೋಣ ಅಂದ್ರೆ ಪ್ರಪಂಚದಲ್ಲೆಲ್ಲ ಚಿಪ್ ಕೊರತೆಯ ಕಾಲ. ಯೋಶಿದ ಕ್ಷಮೆ ಕೇಳಿ, ಚಂದಾದಾರರಿಗೆ ಮೊದಲು 7 ದಿನ, ಆಮೇಲೆ ಇನ್ನೂ 14 ದಿನ ಉಚಿತ ಕೊಟ್ರು, ಆಟದ ಮಾರಾಟವನ್ನೇ ನಿಲ್ಲಿಸಿದ್ರು. ಬಂದ ಗಿರಾಕಿಗೆ ‘ಈಗ ಬೇಡ, ಜಾಗ ಇಲ್ಲ’ ಅಂತ ಹೇಳೋ ಧೈರ್ಯ ಎಷ್ಟು ಕಂಪನಿಗಿದೆ ಹೇಳು? 2022ರ ಜನವರಿ 25ಕ್ಕೆ ಮತ್ತೆ ಮಾರಾಟ ಶುರುವಾಯ್ತು. ಡಾನ್‌ಟ್ರೇಲ್ ಹೊತ್ತಿಗೆ ಪರಿಸ್ಥಿತಿ ಎಷ್ಟೋ ಸುಧಾರಿಸಿತ್ತು. ಆದ್ರೂ ಬಿಡುಗಡೆಯ ವಾರ ಹೊಸಬ ಏನೂ ಕಳ್ಕೊಳ್ಳಲ್ಲ. ನುಗ್ಗೋರೆಲ್ಲ ಹೊಸ ಖಂಡದಲ್ಲಿರ್ತಾರೆ, ನೀನು ಗ್ರಿಡಾನಿಯಾ ಅನ್ನೋ ಹಳೇ ಊರಿನ ಕಾಡಲ್ಲಿ ಹಾಯಾಗಿ ಇರಬಹುದು. ಕಥೆಯ ಗುಟ್ಟು ಕಿವಿಗೆ ಬೀಳದ ಹಾಗೆ ನೋಡ್ಕೊಂಡ್ರೆ ಆಯ್ತು. ಯೂಟ್ಯೂಬ್‌ನಲ್ಲಿ ಈ ಆಟದ ಹೆಸರು ಹುಡುಕಬೇಡ, ವಿಡಿಯೊದ ಮೇಲಿನ ಚಿತ್ರದಲ್ಲೇ ಯಾರು ಸತ್ತರು ಅಂತ ಹಾಕಿಬಿಡ್ತಾರೆ.

ಇನ್ನೊಂದು, ಕತ್ತಿ ಕವಚದ ಮೇಲೆ ಮೋಹ ಬೇಡ. ಪ್ರತಿ ಎಕ್ಸ್‌ಪ್ಯಾನ್ಶನ್‌ಗೂ ಹಿಂದಿನದರ ದೊಡ್ಡ ದೊಡ್ಡ ಆಯುಧಗಳೆಲ್ಲ ದಾರಿಯಲ್ಲೇ ಹಿಂದೆ ಬೀಳತ್ತೆ. ವರ್ಷಗಟ್ಟಲೆ ಆಡಿದವರೂ ಆ ದಿನ ಹೊಸ ಬಟ್ಟೆ ಹುಡುಕ್ತಾರೆ. 50, 60, 70 ಹೀಗೆ ಒಂದೊಂದು ಹಂತ ಮುಟ್ಟಿದಾಗ, ಡಂಜನ್‌ಗಳಲ್ಲಿ ಸಿಕ್ಕ ಪೊಯೆಟಿಕ್ಸ್ ಅನ್ನೋ ಟೋಕನ್ ಕೊಟ್ಟು ಆ ಹಂತಕ್ಕೆ ಸರಿಯಾದ ಸೆಟ್ ತಗೊ, ಮುಂದಿನ ಹತ್ತು ಲೆವೆಲ್‌ನ ಬಹುಪಾಲು ಅದರಲ್ಲೇ ನಡೆಯತ್ತೆ. ಇನ್ನು ಎಕ್ಸ್‌ಪ್ಯಾನ್ಶನ್ ಅಂದ್ರೆ ಒಂದೇ ದಿನ ಬಂದು ಮುಗಿಯೋದಲ್ಲ, ತಿಂಗಳುಗಳ ಅಂತರದಲ್ಲಿ ಪ್ಯಾಚ್ ಬರ್ತಾನೇ ಇರತ್ತೆ, ಕಥೆಯೂ ಅದರಲ್ಲೇ ಮುಂದುವರಿಯತ್ತೆ. ನಡುವೆ ಚಂದಾ ನಿಲ್ಲಿಸಿ ಬೇರೆ ಆಟ ಆಡಿ ಬನ್ನಿ ಅಂತ ಯೋಶಿದ ಅವರೇ ಹೇಳ್ತಾರೆ. ಆ ಮಾತಿಗಾಗಿಯೇ ನನಗೆ ಅವರ ಮೇಲೆ ಅಷ್ಟು ವಿಶ್ವಾಸ.

ಡಾನ್‌ಟ್ರೇಲ್ ನನಗೆ ಹೇಗನ್ನಿಸ್ತು ಅಂತೀಯಾ? ಕಾಳಗಗಳು ಈವರೆಗಿನ ಆಟದಲ್ಲೇ ಗಟ್ಟಿ, ಬೆಳಕು ನೆರಳಿನ ಚಿತ್ರಣವನ್ನೂ ಆಗಲೇ ಹೊಸದು ಮಾಡಿದ್ರು. ಟುಲಿಯೊಲ್ಲಾಲ್ ಊರು ಕಣ್ಣಿಗೆ ಹಬ್ಬ. ಕಥೆಯ ಮೊದಲರ್ಧ ಮಾತ್ರ ನಿಧಾನ. ಅಲ್ಲಿ ಮುಖ್ಯ ಪಾತ್ರ ವೂಕ್ ಲಾಮಾತ್ ಅನ್ನೋ ಹುಡುಗಿ, ನೀನು ಅವಳ ಬೆನ್ನಿಗೆ ನಿಲ್ಲೋ ಹಿರಿಯ. ಹಿಂದಿನ ಐದೂ ಭಾಗ ಆಡಿ ದಣಿದು ಬಂದವನಿಗೆ ಆ ಸ್ಥಾನ ಒಪ್ಪತ್ತೆ, ಏನೂ ಗೊತ್ತಿಲ್ಲದೆ ಹಾರಿ ಬಂದವನಿಗೆ ತಾನ್ಯಾಕೆ ಹಿರಿಯ ಅಂತಲೇ ತಿಳಿಯಲ್ಲ.

ಸೌಂಡ್ ಆಫ್ ಮಾಡಿ ಆಡಬೇಡ, ಇದೊಂದು ನನ್ನ ಕೇಳಿಕೆ. ಸಂಗೀತ ಮಸಯೋಶಿ ಸೋಕೆನ್ ಅವರದು. 2020ರಲ್ಲಿ ಅವರಿಗೆ ಕ್ಯಾನ್ಸರ್ ಚಿಕಿತ್ಸೆ ನಡೀತಿತ್ತು, ಆಸ್ಪತ್ರೆಯಲ್ಲಿದ್ದುಕೊಂಡೇ ಶ್ಯಾಡೋಬ್ರಿಂಗರ್ಸ್‌ನ ಮುಂದಿನ ಪ್ಯಾಚ್‌ಗಳಿಗೆ ಸಂಗೀತ ಮಾಡಿದ್ರು. ಆಡೋರಿಗೆ ಅದು ಗೊತ್ತಾಗಿದ್ದು 2021ರಲ್ಲಿ ಅವರೇ ಹೇಳಿದಾಗ. ‘ಟು ದಿ ಎಡ್ಜ್’ ಅನ್ನೋ ಹಾಡು ಹುಟ್ಟಿದ್ದು ಆ ದಿನಗಳಲ್ಲೇ. ಕಾಳಗದ ನಡುವೆ ಅದು ಶುರುವಾದಾಗ ಹೆಡ್‌ಫೋನ್ ಕಿವಿಯಲ್ಲಿರಲಿ.

ಸರಿ, ದುಡ್ಡು. ಫ್ರೀ ಟ್ರಯಲ್‌ಗೆ ದಿನದ ಮಿತಿ ಇಲ್ಲ. 2023ರ ಅಕ್ಟೋಬರ್‌ನಿಂದ ಸ್ಟಾರ್ಮ್‌ಬ್ಲಡ್‌ವರೆಗಿನ ಕಥೆಯೆಲ್ಲ, 70ನೇ ಲೆವೆಲ್‌ವರೆಗೆ, ಅದರಲ್ಲೇ ಸೇರಿದೆ. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಕ್ಕಾಗಲ್ಲ, ಆಟದ ದುಡ್ಡು ಗಿಲ್‌ನ 3 ಲಕ್ಷಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ, ಫ್ರೀ ಕಂಪನಿ ಸಂಘಕ್ಕೆ ಸೇರಕ್ಕಾಗಲ್ಲ. ಆಡಕ್ಕೆ ಅಷ್ಟು ಸಾಲದಾ? ಮುಖ್ಯ ಮಾತು ಏನಂದ್ರೆ, ಒಂದು ಸಲ ಕೊಂಡ್ರೆ ಆ ಅಕೌಂಟ್ ಮತ್ತೆ ಟ್ರಯಲ್‌ಗೆ ಬರಲ್ಲ. ಮೊದಲ ಮೂವತ್ತು ದಿನ ಆದ ಮೇಲೆ ತಿಂಗಳು ತಿಂಗಳು ಚಂದಾ ಕಟ್ಟಿದ್ರೆ ಮಾತ್ರ ಒಳಗೆ ಬಿಡ್ತಾರೆ. ಡಾನ್‌ಟ್ರೇಲ್ ರಿಯಾಯಿತಿಯಲ್ಲಿ ಸಿಕ್ತು ಅಂತ ಈಗಲೇ ಕೊಂಡು ಸಿಕ್ಕಿಸ್ಕೋಬೇಡ, ಅದೊಂದನ್ನೇ ಕೊಂಡ್ರೂ ಸಾಲದು, ಸ್ಟಾರ್ಟರ್ ಎಡಿಷನ್ನೂ ಬೇಕು. ಸ್ಟಾರ್ಮ್‌ಬ್ಲಡ್ ಮುಗಿದ ದಿನ ತಗೊ, ಶ್ಯಾಡೋಬ್ರಿಂಗರ್ಸ್, ಎಂಡ್‌ವಾಕರ್ ಎರಡೂ ಡಾನ್‌ಟ್ರೇಲ್ ಜೊತೆಗೇ ಬರತ್ತೆ. ಆಟವನ್ನ ಸ್ಟೀಮ್‌ನಲ್ಲಿ ಕೊಂಡ್ರೆ ಮುಂದಿನ ಎಕ್ಸ್‌ಪ್ಯಾನ್ಶನ್ ಎಲ್ಲ ಸ್ಟೀಮ್‌ನಲ್ಲೇ ಕೊಳ್ಳಬೇಕು, ಕಂಪನಿಯ ಅಂಗಡಿಯಲ್ಲಿ ಕೊಂಡ್ರೆ ಅಲ್ಲೇ. ಎರಡನ್ನ ಬೆರೆಸಿದ್ರೆ ಕೆಲಸ ಮಾಡಲ್ಲ.

ಅಲ್ಲಿಯವರೆಗೆ ಏನಾಡಲಿ ಅಂದ್ರೆ, ಆರ್ಕನಿಸ್ಟ್ ಆಗಿ ಶುರು ಮಾಡು, ಲಿಮ್ಸಾ ಲೊಮಿನ್ಸಾ ಬಂದರಿನಿಂದ ಹೊರಡ್ತೀಯ. 30ರಲ್ಲಿ ಅದು ಸಮನರ್ ಆಗತ್ತೆ, ಸ್ಕಾಲರ್ ಅನ್ನೋ ಹೀಲರ್ ಕೂಡ ಆಗತ್ತೆ. ಒಂದರ ಲೆವೆಲ್ ಏರಿದ್ರೆ ಇನ್ನೊಂದರದೂ ಏರತ್ತೆ. ಹೀಲರ್‌ಗೆ ಡಿಪಿಎಸ್‌ನಷ್ಟು ಹೊತ್ತು ಸಾಲಲ್ಲಿ ಕಾಯೋ ಕಷ್ಟ ಇಲ್ಲ. ಒಂದೇ ಕ್ಯಾರೆಕ್ಟರ್‌ನಲ್ಲಿ ಎಲ್ಲ ಜಾಬ್ ಕಲೀಬಹುದು, ಆಯುಧ ಬದಲಿಸಿದ್ರೆ ಜಾಬ್ ಬದಲು. ನಿನ್ನ ಕುಂಚ ಬಂದಾಗಲೂ ಇದೇ ಮುಖ, ಇದೇ ಹೆಸರು, ಕಥೆಯಲ್ಲಿ ನಡೆದು ಬಂದಿದ್ದೆಲ್ಲ ಜೊತೆಗೇ ಇರತ್ತೆ.

ಕ್ಯಾರೆಕ್ಟರ್ ಮಾಡೋವಾಗ ಯುರೋಪಿನ ಲೈಟ್ ಡೇಟಾ ಸೆಂಟರ್ ಆರಿಸ್ಕೊ, ನಾನಿರೋದು ಅಲ್ಲೇ. 15 ಮುಟ್ಟಿದ ದಿನ ಗೋಡೆ ಮೇಲಿಂದ ಒಂದು ಕೂಗು ಹಾಕು. ಟ್ರಯಲ್‌ನಲ್ಲಿರೋರು ಗುಂಪು ಕಟ್ಟೋ ಹಾಗಿಲ್ಲ, ಕರೆದ್ರೆ ಸೇರಬಹುದು. ಕರೆಯೋ ಕೆಲಸ ನಂದು. ಹೀಲರ್ ಆಗಿ ನಾನು ಬರ್ತೀನಿ, ಹವಳದ ಬಣ್ಣ ಮಾತ್ರ ಹೇಳಿಕೊಡಲ್ಲ.